ಟೈಲ್ ಕೊರೆಯುವಾಗ ನೀರು ಹನಿಸುವ ಗೈಡ್: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಸಾಧನದ ನೀರಿನ ಭಾಗಕ್ಕೆ ನನ್ನಿಂದ ಪೂರ್ತಿ ಅಂಕ. ಧೂಳು ಎಳೆಯುವ ಭಾಗಕ್ಕೆ ಅರ್ಧವೂ ಇಲ್ಲ. ಡಬ್ಬಿಯ ಮೇಲೆ ಮಾತ್ರ ಎರಡನ್ನೂ ಒಂದೇ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ.

ನೋಡಿಲ್ಲದವರಿಗೆ ಇದೇನೆಂದು ಹೇಳಬೇಕು. ಅಂಗೈ ಅಗಲದ ಒಂದು ಪ್ಲಾಸ್ಟಿಕ್ ಗೈಡ್. ಅಡಿಯಲ್ಲಿ ಟೈಲಿಗೆ ಅಂಟಿಕೊಳ್ಳುವ ರಬ್ಬರ್ ಕಪ್, ನಡುವೆ ಡ್ರಿಲ್ಲಿನ ಬಿಟ್ (ತುದಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಇಳಿಸಲು ಬೇರೆ ಬೇರೆ ಅಳತೆಯ ತೂತುಗಳು, ಅವುಗಳ ಕೆಳಗೆ ಸ್ಪಂಜಿನ ಬಳೆ. ಒಂದು ಬದಿಯ ಸಣ್ಣ ನಳಿಕೆಗೆ ಕೈಯಿಂದ ಪಂಪ್ ಮಾಡುವ ನೀರಿನ ಬಾಟಲಿ ಸೇರುತ್ತದೆ. ಇನ್ನೊಂದು ಬದಿಯ ದೊಡ್ಡ ಬಾಯಿಗೆ ವ್ಯಾಕ್ಯೂಮ್ ಪೈಪ್. ನಾನು ಹೆಚ್ಚಾಗಿ ಬಳಸಿರುವುದು ಸ್ಕ್ರೂ ಹಾಕುವ 6 ಮತ್ತು 8 ಮಿ.ಮೀ. ತೂತುಗಳಿಗೆ, ಆಗಾಗ ನಲ್ಲಿಯ ಪೈಪಿಗಾಗಿ 35 ಮಿ.ಮೀ. ತೂತಿಗೆ.

ನೀರು ಯಾಕೆ ಇಷ್ಟು ಮುಖ್ಯ? ಗೋಡೆಗೆ ಹಾಕುವ ಸಾಧಾರಣ ಸೆರಾಮಿಕ್ ಟೈಲ್ ಮೆತ್ತಗಿರುತ್ತದೆ, ಈಟಿಮೊನೆಯ ಕಾರ್ಬೈಡ್ ಬಿಟ್ ಕೂಡ ಅದನ್ನು ಕೊರೆಯುತ್ತದೆ. ಪೋರ್ಸಲಿನ್, ಅಂದರೆ ವಿಟ್ರಿಫೈಡ್ ಟೈಲ್, ಹಾಗಲ್ಲ. ಅದು ತನ್ನ ತೂಕದ ಶೇ. 0.5ಕ್ಕಿಂತ ಜಾಸ್ತಿ ನೀರು ಹೀರುವುದಿಲ್ಲ, ಅಷ್ಟು ಬಿಗಿ. ಅದಕ್ಕೆ ವಜ್ರದ ಬಿಟ್ಟೇ ಬೇಕು. ಕಡಿಮೆ ಬೆಲೆಯ ವಜ್ರದ ಬಿಟ್‌ಗಳಲ್ಲಿ ವಜ್ರದ ಹರಳುಗಳು ಒಂದೇ ಪದರದಲ್ಲಿರುತ್ತವೆ, ನಿಕಲ್ ಲೇಪ ಅವನ್ನು ಹಿಡಿದಿಟ್ಟಿರುತ್ತದೆ. ಆ ಪದರ ಹೋದರೆ ಬಿಟ್ ಮುಗಿದಂತೆಯೇ, ಸಾಣೆ ಹಿಡಿಯಲು ಏನೂ ಉಳಿಯುವುದಿಲ್ಲ. ವಜ್ರ ಗಟ್ಟಿ ನಿಜ, ಆದರೆ ಬಿಸಿಗೆ ಹೆದರುತ್ತದೆ. ಗಾಳಿಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುಡಲು ಶುರುವಾಗುತ್ತದೆ. ಒಣಗಿದ ಟೈಲಿನ ಮೇಲೆ ಒತ್ತಿ ಹಿಡಿದ ಬಿಟ್ಟಿನ ಅಂಚು ಕೆಲವೇ ಸೆಕೆಂಡುಗಳಲ್ಲಿ ಕಪ್ಪಾಗುತ್ತದೆ.

ನೀರಿಗೆ ಇನ್ನೊಂದು ಕೆಲಸವೂ ಇದೆ, ಅದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅರೆದ ಪುಡಿಯನ್ನು ಅಂಚಿನಿಂದ ಹೊರಗೆ ತೊಳೆಯುವುದು. ಪುಡಿ ಅಲ್ಲೇ ಕೂತರೆ ಹರಳುಗಳ ಸಂದು ಮುಚ್ಚುತ್ತದೆ. ಆಮೇಲೆ ಬಿಟ್ ಕೊರೆಯುವುದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದಷ್ಟೂ ಬಿಸಿ. ಬಾಟಲಿಯಿಂದ ಧಾರೆ ಬೇಕಿಲ್ಲ, ಹನಿ ನಿಲ್ಲದಿದ್ದರೆ ಸಾಕು. ಹೊರಬರುವ ಕೆಸರು ತೆಳ್ಳಗೆ ಹಾಲಿನಂತಿದ್ದರೆ ಎಲ್ಲ ಸರಿ. ಮಂದವಾಗುತ್ತಾ ಬಂದರೆ ಇನ್ನೊಮ್ಮೆ ಪಂಪ್ ಮಾಡಿ. ಕೀರಲು ಸದ್ದು ಬಂದರೆ ನಿಲ್ಲಿಸಿ. ನೀರು ಮೊದಲಿನಿಂದಲೇ ಇರಬೇಕು. ಬಿಸಿಯಾದ ಮೇಲೆ ತಣ್ಣೀರು ಸುರಿದರೆ ಬಿಟ್ಟಿಗೂ ಕೆಟ್ಟದ್ದು, ಟೈಲೂ ಬಿರುಕು ಬಿಡಬಹುದು.

ವ್ಯತ್ಯಾಸ ನನಗೆ ಕಂಡದ್ದು ಹೀಗೆ. ಮೊದಲು ಒಂದು ಬಾತ್‌ರೂಮ್ ಮುಗಿಯುವಷ್ಟರಲ್ಲಿ 6 ಮಿ.ಮೀ. ಬಿಟ್ ಕೈಕೊಡುತ್ತಿತ್ತು. ಈಗ ಅದೇ ಥರದ ಬಿಟ್ ಮುಂದಿನ ಬಾತ್‌ರೂಮಿಗೂ ಬರುತ್ತದೆ. ಇದರಲ್ಲಿ ಗೈಡಿನ ಪಾಲೂ ಇದೆ. ನುಣುಪು ಟೈಲಿನ ಮೇಲೆ ಬಿಟ್ ಜಾರುತ್ತದೆ. ಗೈಡ್ ಇಲ್ಲದಿದ್ದರೆ 45 ಡಿಗ್ರಿ ಓರೆ ಹಿಡಿದು, ಅರ್ಧಚಂದ್ರದ ಗುರುತು ಮೂಡಿಸಿ, ನಿಧಾನವಾಗಿ ನೆಟ್ಟಗೆ ಮಾಡಬೇಕು. ಇಲ್ಲಿ ಆ ತಾಪತ್ರಯವಿಲ್ಲ, ನೇರವಾಗಿ ಇಳಿಸಿದರೆ ಆಯ್ತು. ವೇಗ ಮಾತ್ರ ಹದ್ದುಬಸ್ತಿನಲ್ಲಿರಲಿ. ಸಣ್ಣ ಬಿಟ್ಟಿಗೆ ನಿಮಿಷಕ್ಕೆ 1000ದಿಂದ 1500 ಸುತ್ತು, 35 ಮಿ.ಮೀ.ಗೆ 500ರ ಆಸುಪಾಸು ನನಗೆ ಹಿಡಿಸಿದೆ. ಟೈಲ್ ದಾಟುವ ತನಕ ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವ ವಿಧಾನ, ಆನ್ ಮಾಡಲೇಬೇಡಿ.

ದೊಡ್ಡ ಬಿಟ್ಟಿಗೆ ಗೈಡ್ ಒಂದು ತೊಡಕು ತರುತ್ತದೆ. ಬಿಟ್ಟನ್ನು ಸ್ವಲ್ಪ ಅತ್ತಿತ್ತ ತೂಗಿದರೆ ತಾನೇ ನೀರು ಸಂದಿಗೆ ಇಳಿಯುವುದು? ಗೈಡ್ ಬಿಗಿಯಾಗಿ ಹಿಡಿದಿರುವುದರಿಂದ ತೂಗಲು ಆಗುವುದಿಲ್ಲ. ಹಾಗಾಗಿ ಒಂದೆರಡು ಮಿ.ಮೀ. ಕಾಲುವೆ ಬೀಳುವ ತನಕ ಮಾತ್ರ ಗೈಡ್ ಇಟ್ಟುಕೊಳ್ಳುತ್ತೇನೆ. ಆಮೇಲೆ ತೆಗೆದು, ಬಾಟಲಿಯ ನಳಿಕೆಯನ್ನು ಕೈಯಲ್ಲೇ ಹಿಡಿದು ನೀರು ಬಿಡುತ್ತಾ ಮುಗಿಸುತ್ತೇನೆ. ಜೊತೆಗೊಬ್ಬರಿದ್ದರೆ ಒಳ್ಳೆಯದು.

ಇನ್ನು ವ್ಯಾಕ್ಯೂಮ್ ಬಾಯಿ. ನೀರು ಹನಿಯುತ್ತಿದ್ದರೆ ಧೂಳು ಹಾರುವುದೇ ಇಲ್ಲ, ಎಲ್ಲ ಕೆಸರಾಗುತ್ತದೆ. ಆಗ ವ್ಯಾಕ್ಯೂಮ್ ಹಾಕಿದರೆ ಅದು ಮೊದಲು ಎಳೆಯುವುದು ಬಿಟ್ಟಿಗೆ ಹೋಗಬೇಕಾದ ನೀರನ್ನೇ! ಸ್ಪಂಜು ಒಣಗುತ್ತದೆ, ಬಿಟ್ ಬಿಸಿಯಾಗುತ್ತದೆ. ಒದ್ದೆ ಎಳೆಯುವ ಮಾದರಿಯಲ್ಲದಿದ್ದರೆ ವ್ಯಾಕ್ಯೂಮಿನ ಚೀಲವೂ ಹಾಳು, ಮೋಟಾರಿಗೂ ಅಪಾಯ. ನೀರು ನಿಲ್ಲಿಸಿ ಬರೀ ವ್ಯಾಕ್ಯೂಮ್ ಹಾಕಿದರೆ ಧೂಳೇನೋ ಹಿಡಿಯುತ್ತದೆ, ಆದರೆ ಗಾಳಿಯಿಂದ ಬಿಟ್ ತಣ್ಣಗಾಗುವುದು ಅಷ್ಟಕ್ಕಷ್ಟೇ. ಎರಡನ್ನೂ ಒಟ್ಟಿಗೆ ಮಾರಿದ್ದಾರೆ, ಒಟ್ಟಿಗೆ ಬಳಸಲು ಬರುವುದಿಲ್ಲ. ಇದು ಪ್ಲಾಸ್ಟಿಕ್ಕಿನ ತಪ್ಪಲ್ಲ, ಯೋಚನೆಯ ತಪ್ಪು.

ವ್ಯಾಕ್ಯೂಮ್ ಬಾಯಿ ಕೆಲಸಕ್ಕೆ ಬರುವ ಜಾಗ ಒಂದಿದೆ. ಟೈಲ್ ದಾಟಿ ಇಟ್ಟಿಗೆ ಅಥವಾ ಕಾಂಕ್ರೀಟಿಗೆ ಕಲ್ಲುಬಿಟ್ ಹಾಕಿದಾಗ ಬರುವ ಒಣಪುಡಿಗೆ. ಆ ನಡುಕಕ್ಕೆ ರಬ್ಬರ್ ಕಪ್ ಬಿಟ್ಟುಕೊಳ್ಳುತ್ತದೆ, ಕೈಯಲ್ಲಿ ಒತ್ತಿ ಹಿಡಿಯಬೇಕು. ವ್ಯಾಕ್ಯೂಮಿನಲ್ಲಿ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ. ಈ ಪುಡಿಯಲ್ಲಿ ಸಿಲಿಕಾ ಇರುತ್ತದೆ. ಉಸಿರಿನಲ್ಲಿ ಒಳಹೋಗುವ ಸಣ್ಣ ಸಿಲಿಕಾ ಹರಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹಾಗಾಗಿ ಎನ್95 ಮಟ್ಟದ ಮಾಸ್ಕ್ ಹಾಕಿಕೊಳ್ಳಿ. ಕೆಸರನ್ನು ಒದ್ದೆ ಇರುವಾಗಲೇ ಒರೆಸಿ. ಒಣಗಲು ಬಿಟ್ಟು ಗುಡಿಸಿದರೆ ಅದೇ ಧೂಳು ಮತ್ತೆ ಮೂಗಿಗೆ.

ನೀರು ಡ್ರಿಲ್ಲಿನ ಕಡೆಗೂ ಹರಿಯುತ್ತದೆ, ಅದಕ್ಕೇ ನಾನು ಬ್ಯಾಟರಿ ಡ್ರಿಲ್ ಬಳಸುತ್ತೇನೆ. ವಯರ್ ಡ್ರಿಲ್ ಆದರೆ 30 ಮಿಲಿಆಂಪ್‌ನ ವಿದ್ಯುತ್ ಸೋರಿಕೆ ರಕ್ಷಣೆ ಇರುವ ಲೈನಿನಿಂದ ಮಾತ್ರ. ತಲೆಯ ಮೇಲಿನ ಕೆಲಸಕ್ಕೆ ಇದು ಬೇಡವೇ ಬೇಡ.

ಸವೆತದ ಮಾತಿಗೆ ಬಂದರೆ, ಬಾಟಲಿ ಇನ್ನೂ ಗಟ್ಟಿಮುಟ್ಟಾಗಿದೆ. ನಳಿಕೆಯ ತುದಿ ಗಡಸು ನೀರಿನ ಸುಣ್ಣದಿಂದ ಆಗಾಗ ಕಟ್ಟಿಕೊಳ್ಳುತ್ತದೆ, ವಿನಿಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ. ಸ್ಪಂಜಿನ ಬಳೆ ಚೂರುಚೂರಾಯಿತು. ಅಡುಗೆಮನೆಯ ಸ್ಪಂಜು ಕತ್ತರಿಸಿ ಹಾಕಿದ್ದೇನೆ, ಏನೂ ತೊಂದರೆಯಿಲ್ಲ. 6 ಮಿ.ಮೀ. ತೂತು ಮಾತ್ರ ಮೊಟ್ಟೆಯಾಕಾರಕ್ಕೆ ತಿರುಗಿದೆ. ಬಿಟ್ಟಿನ ಬದಿಯ ವಜ್ರ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ಅಲ್ವಾ? ಅಲ್ಲಿ ಲೋಹದ ಬಳೆ ಕೂರಿಸಿದ್ದರೆ ಚೆನ್ನಾಗಿತ್ತು.

ಒಂದೆರಡು ತೂತು ಹಾಕಿ ಮುಗಿಸುವವರು ಇದನ್ನು ಕೊಳ್ಳಬೇಕಿಲ್ಲ. ಒದ್ದೆ ಸ್ಪಂಜು, ಕೆಳಗೆ ಟೇಪಿನಿಂದ ಅಂಟಿಸಿದ ಕಾಗದದ ಜೇಬು ಸಾಕು. ಒರಟು ಮ್ಯಾಟ್ ಟೈಲ್ ಇರುವವರೂ ಯೋಚಿಸಿ, ಅದರ ಮೇಲೆ ಕಪ್ ನಿಲ್ಲುವುದಿಲ್ಲ. ಎರಡು ಟೈಲುಗಳ ಸಂದಿನ ಮೇಲೂ ಅಷ್ಟೇ. ಉಳಿದವರು ಕೊಳ್ಳುವ ಮೊದಲು ರಬ್ಬರ್ ಕಪ್ ಬಿಡಿಯಾಗಿ ಸಿಗುತ್ತದಾ ಎಂದು ಕೇಳಿ. ಮೊದಲು ಗಟ್ಟಿಯಾಗಿ ಕೆಲಸ ಬಿಡುವುದು ಅದೇ, ನನ್ನದಕ್ಕೆ ಬಿಡಿಭಾಗ ಸಿಗಲಿಲ್ಲ.