ಮೂರು ಜೋಡಿ ಇಎಲ್84: ಮುಲ್ಲಾರ್ಡ್, ಬಿಇಎಲ್, ಸರಾಟೊವ್

ಹಳೇ ರೇಡಿಯೋ, ಆಂಪ್ಲಿಫೈಯರ್‌ಗಳ ಗಾಜಿನ ವಾಲ್ವ್ ಹುಡುಕುವವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಮೊದಲು ಕೇಳೋದು ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿಯದು ಇದೆಯಾ ಅಂತ. ನಾನೂ ವರ್ಷಗಟ್ಟಲೆ ಹಾಗೇ ಕೇಳಿದೆ. ಈ ಮಳೆಗಾಲದಲ್ಲಿ ಸ್ಪೀಕರ್ ನುಡಿಸುವ ಇಎಲ್84 ವಾಲ್ವ್‌ನ ಮೂರು ಜೋಡಿಗಳನ್ನು ಒಂದೇ ಆಂಪ್ಲಿಫೈಯರ್‌ಗೆ ವಾರಕ್ಕೊಂದರಂತೆ ಹಾಕಿ ಕೇಳಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು.

ಆಂಪ್ಲಿಫೈಯರ್ ನಾನೇ ಕಟ್ಟಿದ್ದು. ಮುಲ್ಲಾರ್ಡ್ ಕಂಪನಿ 1954ರಲ್ಲಿ ಕೊಟ್ಟ 5-10 ಸರ್ಕ್ಯೂಟ್: ಐದು ವಾಲ್ವ್, ಹತ್ತು ವಾಟ್. ಇದರಲ್ಲಿ ಪ್ರತಿ ಇಎಲ್84ಕ್ಕೂ ಅದರದೇ 270 ಓಮ್ ಕ್ಯಾಥೋಡ್ ರೆಸಿಸ್ಟರ್ ಇರುತ್ತದೆ. ಅದರ ಎರಡು ತುದಿಗೆ ಮೀಟರ್ ಹಿಡಿದರೆ ಸಾಕು, ವಾಲ್ವ್ ಎಷ್ಟು ಕರೆಂಟ್ ಎಳೀತಿದೆ ಅನ್ನೋದು ಗೊತ್ತಾಗುತ್ತದೆ. 10.8 ವೋಲ್ಟ್ ಬಂದರೆ 40 ಮಿಲಿಆಂಪ್. ಆದರೆ ಒಳಗೆ 300 ವೋಲ್ಟ್ ಓಡುತ್ತಿರುತ್ತದೆ. ಅಭ್ಯಾಸ ಇಲ್ಲದವರು ಕೈ ಹಾಕಬೇಡಿ.

ಮುಲ್ಲಾರ್ಡ್ ಅಸಲಿಯಾ ಅಂತ ತಿಳಿಯಲು ಹೆಸರು ನೋಡಬೇಡಿ, ಗಾಜಿನ ಬುಡ ನೋಡಿ. ಟಾರ್ಚ್ ಓರೆಯಾಗಿ ಹಿಡಿದರೆ ಪಿನ್‌ಗಳ ಹತ್ತಿರ ಬೂದು ಬಣ್ಣದ ಸಣ್ಣ ಅಕ್ಷರಗಳು ಕಾಣುತ್ತವೆ. ನನ್ನದರಲ್ಲಿ ಮೇಲಿನ ಸಾಲು 'ಆರ್‌ಎಕ್ಸ್' ಎಂದು ಶುರುವಾಗುತ್ತದೆ, ಅದು ಇಎಲ್84ರ ಗುರುತು. ಕೆಳಗಿನ ಸಾಲು 'ಬಿ2ಎಚ್3'. ಬಿ ಅಂದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆ, 2 ವರ್ಷದ ಕೊನೆಯ ಅಂಕಿ, ಎಚ್ ಎಂಟನೇ ತಿಂಗಳು, 3 ಮೂರನೇ ವಾರ. ಮೇಲಿನ ಬಿಳಿ ಮುದ್ರೆ ಬೆರಳು ತಾಗಿದರೂ ಅಳಿಸುತ್ತದೆ, ಯಾರು ಬೇಕಾದರೂ ಮತ್ತೆ ಹಾಕಬಹುದು. ಈ ಬೂದು ಅಕ್ಷರ ಹಾಗಲ್ಲ.

ಇದನ್ನು ದುಡ್ಡು ಕಳೆದುಕೊಂಡೇ ಕಲಿತೆ. ಒಬ್ಬ ವ್ಯಾಪಾರಿ 'ಮುಲ್ಲಾರ್ಡ್' ಅಂತ ಕೊಟ್ಟ ವಾಲ್ವ್‌ನ ಮುದ್ರೆ ಫಳಫಳ ಹೊಳೆಯುತ್ತಿತ್ತು, ಬುಡದಲ್ಲಿ ಒಂದಕ್ಷರವೂ ಇರಲಿಲ್ಲ. ಹಾಕಿ ಅರ್ಧ ಗಂಟೆಗೆ ಕಂಟ್ರೋಲ್ ಗ್ರಿಡ್‌ನಲ್ಲಿ (ಕರೆಂಟನ್ನು ಹಿಡಿತದಲ್ಲಿಡುವ ಒಳಗಿನ ತಂತಿ ಸುರುಳಿ) 1.2 ವೋಲ್ಟ್ ಏರಿತ್ತು. ಅಲ್ಲಿ ಸೊನ್ನೆ ಇರಬೇಕು. ಹಾಗೆ ಏರಿದರೆ ಒಳಗೆ ಗ್ಯಾಸ್ ಸೇರಿರಬಹುದು, ಇಲ್ಲಾ ಗ್ರಿಡ್ ಕೆಟ್ಟಿರಬಹುದು. ಬಿಟ್ಟರೆ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಹಾಕುತ್ತದೆ.

ಅಸಲಿ ಮುಲ್ಲಾರ್ಡ್ ಜೋಡಿ ಕ್ಯಾಥೋಡ್ ರೆಸಿಸ್ಟರ್‌ಗಳಲ್ಲಿ 10.7, 10.9 ವೋಲ್ಟ್ ತೋರಿಸಿತು. ವೀಣೆಯ ಎಲ್‌ಪಿ ಹಾಕಿದೆ. ಮಂದ್ರದ ತಂತಿ ಮೀಟಿದ ಮೇಲೆ ನಾದ ಕರಗುತ್ತಾ ಹೋಗುವುದು ಕೊನೆಯವರೆಗೂ ಕೇಳುತ್ತದೆ. ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಇಎಲ್84ರ ಜಾಗಕ್ಕೆ ಹೊಂದುವ ರಷ್ಯದ 6ಪಿ14ಪಿ-ಇವಿ ವಾಲ್ವ್ ಸರಾಟೊವ್ ಊರಿನ ರಿಫ್ಲೆಕ್ಟರ್ ಕಾರ್ಖಾನೆಯದು. ಬಾಳಿಕೆ ಜಾಸ್ತಿ, ಅದುರಿದರೂ ಜಗ್ಗುವುದಿಲ್ಲ. ಪೆನ್ಸಿಲ್‌ನಿಂದ ತಟ್ಟಿದರೆ ಸ್ಪೀಕರ್‌ನಲ್ಲಿ ಚೂರೂ ಸದ್ದಿಲ್ಲ. ಎರಡೂ ವಾಲ್ವ್‌ಗಳಲ್ಲಿ ಸರಿಯಾಗಿ 11.0. ಹೊಸಬರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಆದರೆ ನನ್ನ ಕಿವಿಗೆ ತಂಬೂರಿ ಸ್ವಲ್ಪ ಒಣಗಿದಂತೆ ಕೇಳಿತು.

ಇನ್ನು ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್. ಅಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರುವಾಗಿದ್ದು 1961ರಲ್ಲಿ, ಫಿಲಿಪ್ಸ್ ಸಹಯೋಗದಲ್ಲಿ. ಮುಲ್ಲಾರ್ಡ್ ಕೂಡ ಫಿಲಿಪ್ಸ್ ಕೈಯಲ್ಲೇ ಇದ್ದ ಕಂಪನಿ, ಅಲ್ವಾ? ನನ್ನ ಜೋಡಿ ಮುಚ್ಚಿಹೋದ ರೇಡಿಯೋ ರಿಪೇರಿ ಅಂಗಡಿಯೊಂದರ ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಲ್ಲಿದ್ದ ಒಂಬತ್ತನ್ನೂ ಅಳೆದು ಎರಡನ್ನು ಆರಿಸಿಕೊಂಡೆ: 10.5, 10.8. ಗಾಜಿನ ತಲೆಯೊಳಗಿನ ಗೆಟರ್ (ಉಳಿದ ಗಾಳಿಯನ್ನು ಹೀರಿಕೊಳ್ಳುವ ಲೋಹದ ಲೇಪ) ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದು ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ ಅಂತ, ಸುಮ್ನೆ ಎಸೆಯಬೇಕಷ್ಟೆ.

ಅದೇ ವೀಣೆ, ಅದೇ ಮಂದ್ರ. ಮುಲ್ಲಾರ್ಡ್‌ಗೂ ಇದಕ್ಕೂ ವ್ಯತ್ಯಾಸ ಹುಡುಕಲು ಮೂರು ರಾತ್ರಿ ಕೂತೆ. ಮೇಲಿನ ಸ್ವರಗಳಲ್ಲಿ ಕೂದಲೆಳೆಯಷ್ಟು ಮೆತ್ತಗಿದೆ ಅನ್ನಿಸಿತು. ಮನೆಯವಳನ್ನು ಕರೆದು, ಯಾವುದು ಹಾಕಿದ್ದೇನೆ ಅಂತ ಹೇಳದೆ ಕೇಳಿಸಿದೆ. ಐದರಲ್ಲಿ ಮೂರು ಸಲ ಬಿಇಎಲ್ ಇದ್ದಾಗಲೇ 'ಇದು ಚೆನ್ನಾಗಿದೆ' ಅಂದಳು. ಮುಲ್ಲಾರ್ಡ್‌ಗೆ ಕೊಟ್ಟ ದುಡ್ಡಿಗೆ ಇಂಥ ಐದು ಜೋಡಿ ಬರುತ್ತಿತ್ತು.

ಈಗ ಆಂಪ್ಲಿಫೈಯರ್‌ನಲ್ಲಿ ಇರೋದು ಜಾಲಹಳ್ಳಿಯ ಜೋಡಿಯೇ. ಹಳೇ ರಿಪೇರಿ ಅಂಗಡಿ ಯಾವುದಾದರೂ ಖಾಲಿ ಮಾಡುತ್ತಿದ್ದಾರೆ ಅಂತ ಗೊತ್ತಾದರೆ, ವಾಲ್ವ್ ಪೆಟ್ಟಿಗೆ ಗುಜರಿಗೆ ಹೋಗೋ ಮೊದಲು ಒಮ್ಮೆ ಟಾರ್ಚ್ ಹಿಡಿದು ನೋಡಿ.