ಎಂಟು ಸಾವಿರ ರೂಪಾಯಿಯ ಎರಡನೇ ಮಾನಿಟರ್: ಕನ್ನಡದ ಒತ್ತಕ್ಷರ ಓದುವ ಕಣ್ಣಿಗೆ ಹೇಗಿದೆ?

ಮೊದಲೇ ಹೇಳಿಬಿಡ್ತೀನಿ. ದಿನವಿಡೀ ಅಕ್ಷರ ನೋಡುವ ಕೆಲಸ ನಿಮ್ಮದಾದರೆ ಎಂಟು ಸಾವಿರದ ಆಸುಪಾಸಿನಲ್ಲಿ ಸಿಗುವ 24 ಇಂಚಿನ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆಯ ಪರದೆ) ಮಾನಿಟರ್ ತಗೊಳ್ಳಿ. ಇನ್ನೊಂದೆರಡು ಮೂರು ಸಾವಿರ ಸೇರಿಸಿದರೆ ಬರುವ 27 ಇಂಚಿನ ಫುಲ್ ಎಚ್‌ಡಿ ಕಡೆ ತಿರುಗಿಯೂ ನೋಡಬೇಡಿ. ಉಳಿದ ದುಡ್ಡನ್ನು ಅದನ್ನು ಸರಿಯಾದ ಎತ್ತರಕ್ಕೆ ಕೂರಿಸೋದಕ್ಕೆ ಹಾಕಿ. ನನ್ನದು ಮೇಜಿಗೆ ಬಂದು ಎರಡು ಮಳೆಗಾಲ ಕಳೆದಿದೆ, ಅಭಿಪ್ರಾಯ ಬದಲಾಗಿಲ್ಲ.

ನನ್ನ ಕೆಲಸ ಪುಸ್ತಕಗಳ ಕರಡು ತಿದ್ದೋದು, ಒಂದಿಷ್ಟು ಪುಟವಿನ್ಯಾಸ. ಒಂದು ಕಡೆ ಲೇಖಕರ ಹಸ್ತಪ್ರತಿಯ ಸ್ಕ್ಯಾನ್, ಇನ್ನೊಂದು ಕಡೆ ಟೈಪಾದ ಪುಟ, ಜೊತೆಗೆ ನಿಘಂಟು. ಇಷ್ಟನ್ನೂ 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ಕೂತರೆ ಅರ್ಧ ದಿನ ಆಲ್ಟ್-ಟ್ಯಾಬ್ ಒತ್ತೋದರಲ್ಲೇ ಹೋಗುತ್ತೆ. ಮಾನಿಟರ್ ಯಾವ ಕಂಪನಿಯದು ಅಂತ ಬರೀತಿಲ್ಲ. ಈ ಬೆಲೆಯಲ್ಲಿ ಕಂಪನಿಯ ಹೆಸರು ಬೇರೆಯಾದರೂ ಪೆಟ್ಟಿಗೆ ಮೇಲಿನ ವಿವರ ಹೆಚ್ಚೂಕಡಿಮೆ ಒಂದೇ: 1920×1080 ಪಿಕ್ಸೆಲ್ (ಅಂದರೆ ಪರದೆಯ ಚುಕ್ಕೆ; ಇಷ್ಟಿದ್ದರೆ ಫುಲ್ ಎಚ್‌ಡಿ), 75 ಅಥವಾ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಹೊಸದಾಗುತ್ತೆ), 250 ನಿಟ್ಸ್ ಬೆಳಕು, ಹಿಂದೆ ಒಂದು ಎಚ್‌ಡಿಎಂಐ, ಒಂದು ವಿಜಿಎ ಕಿಂಡಿ.

ಅಂಗಡಿಯವರು ಮಾರೋದು ಇಂಚು. ನಾವು ಓದೋದು ಪಿಕ್ಸೆಲ್. 24 ಇಂಚಿನದ್ದಾಗಲಿ 27 ಇಂಚಿನದ್ದಾಗಲಿ, ಫುಲ್ ಎಚ್‌ಡಿ ಅಂದಮೇಲೆ ಒಳಗಿರೋದು ಅದೇ ಇಪ್ಪತ್ತು ಲಕ್ಷ ಚಿಲ್ಲರೆ ಚುಕ್ಕೆಗಳು. 24ರಲ್ಲಿ ಇಂಚಿಗೆ ಸುಮಾರು 92 ಚುಕ್ಕೆ ಕೂರುತ್ತವೆ, 27ರಲ್ಲಿ ಅವನ್ನೇ ಎಳೆದು ಹರಡಿ 82ಕ್ಕೆ ಇಳಿಸಿರ್ತಾರೆ. ದೂರ ಕೂತು ಸಿನಿಮಾ ನೋಡುವವರಿಗೆ ಇದು ಗೊತ್ತಾಗೋದೇ ಇಲ್ಲ. ಇಂಗ್ಲಿಷ್ ಮೇಲ್ ಓದುವವರಿಗೂ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ಕನ್ನಡಕ್ಕೆ ಮಾತ್ರ ಗೊತ್ತಾಗುತ್ತೆ.

ಲೆಕ್ಕ ನೋಡಿ. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಚಿತ್ರ ಹಿಗ್ಗಿಸುವ ಸೆಟ್ಟಿಂಗ್) 100%ರಲ್ಲಿದ್ದಾಗ 11 ಪಾಯಿಂಟಿನ ಅಕ್ಷರಕ್ಕೆ ಸಿಗೋದು ಸುಮಾರು 15 ಪಿಕ್ಸೆಲ್ ಎತ್ತರ. ಆ ಹದಿನೈದರಲ್ಲೇ ತಲೆಕಟ್ಟು, ಗುಡಿಸು, ಮೂಲಾಕ್ಷರ, ಅದರ ಕೆಳಗಿನ ಒತ್ತು ಎಲ್ಲ ಹಿಡಿಸಬೇಕು. ಒತ್ತಿನ ಪಾಲಿಗೆ ಬರೋದು ನಾಲ್ಕೈದು ಪಿಕ್ಸೆಲ್. ‘ರಾಷ್ಟ್ರ’, ‘ಶಾಸ್ತ್ರ’ದಂಥ ಕಡೆ ಅಷ್ಟರಲ್ಲೇ ಎರಡು ಒತ್ತು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು, ಅದು ಪರದೆ ಮೇಲೆ ಒಂದೇ ಪಿಕ್ಸೆಲ್. ‘ಪ’ದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ ‘ಷ’. ಚುಕ್ಕೆ ದಪ್ಪಗಾದಷ್ಟೂ ಈ ಸೀಳು, ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣ್ತವೆ. ಕರಡು ತಿದ್ದುವವರ ಹೊಟ್ಟೆಪಾಡು ಇರೋದೇ ಆ ಒಂದು ಪಿಕ್ಸೆಲ್‌ನಲ್ಲಿ. ಗೆಳೆಯರೊಬ್ಬರ ಮನೆಯ 27 ಇಂಚಿನಲ್ಲಿ ಒಂದು ಸಂಜೆ ಕೂತು ತಿದ್ದಿದ್ದೆ. ಕುರ್ಚಿ ಹಿಂದೆ ಸರಿಸಿದಾಗ ಚೆನ್ನಾಗೇ ಕಾಣ್ತಿತ್ತು, ಆದರೆ ಹಿಂದೆ ಸರಿದಮೇಲೆ ಅಕ್ಷರ ಕಾಣುವ ಗಾತ್ರ 24ರಷ್ಟೇ. ಹೆಚ್ಚು ಕೊಟ್ಟಿದ್ದು ಯಾತಕ್ಕೆ ಅಂತ ಅವರಿಗೇ ಕೇಳಿದೆ, ಕ್ರಿಕೆಟ್‌ಗೆ ಅಂದರು. ಅದು ನ್ಯಾಯವಾದ ಉತ್ತರ.

ಪರದೆ ತಂದ ದಿನ ಬಣ್ಣ ಪೇಲವವಾಗಿತ್ತು, ಕಪ್ಪು ಬೂದಿ ಬಣ್ಣಕ್ಕೆ ತಿರುಗಿತ್ತು. ವಾಪಸ್ ಕಳಿಸೋ ಮುಂಚೆ ಗ್ರಾಫಿಕ್ಸ್ ಸೆಟ್ಟಿಂಗ್ ಒಮ್ಮೆ ನೋಡಿ. ಎಚ್‌ಡಿಎಂಐನಲ್ಲಿ ಕೆಲವು ಸಲ ಕಂಪ್ಯೂಟರು ಮಾನಿಟರನ್ನು ಟಿವಿ ಅಂದುಕೊಂಡು ಕಪ್ಪಿನಿಂದ ಬಿಳಿವರೆಗಿನ ಪೂರ್ತಿ 0–255ರ ಬದಲು 16–235ರ ವ್ಯಾಪ್ತಿಯಲ್ಲಿ ಬಣ್ಣ ಕಳಿಸುತ್ತೆ. ಅದನ್ನು ‘ಫುಲ್’ ಮಾಡಿದ ಕೂಡಲೇ ಕಪ್ಪು ಕಪ್ಪಾಯಿತು. ಆಮೇಲೆ ವಿಂಡೋಸ್‌ನ ಕ್ಲಿಯರ್‌ಟೈಪ್ ಟ್ಯೂನರ್ (ಅಕ್ಷರದ ಅಂಚು ನಯ ಮಾಡುವ ಸೌಲಭ್ಯ) ತೆರೆದು ಈ ಪರದೆಗೆ ಪ್ರತ್ಯೇಕವಾಗಿ ಹೊಂದಿಸಿ. ಐದು ನಿಮಿಷದ ಕೆಲಸ, ಬಿಟ್ಟಿ, ಒತ್ತಕ್ಷರ ಎಷ್ಟೋ ತಿಳಿಯಾಗುತ್ತೆ.

ಮೊದಲ ದಿನವೇ ಮಾಡಬೇಕಾದ ಇನ್ನೊಂದು ಕೆಲಸ: ಪರದೆ ತುಂಬ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಚುಕ್ಕೆ ಇದೆಯಾ ಅಂತ ಹುಡುಕೋದು. ನನ್ನದರಲ್ಲಿ ಮೊದಲು ಏನೂ ಇರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಬಲಗಡೆ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಶಾಶ್ವತವಾಗಿ ಕೂತಿತು. ಮೂರು ವರ್ಷದ ವಾರಂಟಿ ಇದೆಯಲ್ಲ ಅಂತ ಸರ್ವಿಸ್‌ನವರಿಗೆ ಫೋನ್ ಮಾಡಿದರೆ, ‘ಒಂದು ಚುಕ್ಕೆಗೆಲ್ಲ ಪ್ಯಾನೆಲ್ ಬದಲಾಯಿಸಲ್ಲ ಸರ್, ಇಷ್ಟು ಅಂತ ಲಿಮಿಟ್ ಇದೆ’ ಅಂದರು. ಆ ಲಿಮಿಟ್ ವಾರಂಟಿ ಕಾಗದದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಜಕ್ಕೂ ಇತ್ತು. ಹಾಗಾಗಿ ಆನ್‌ಲೈನಲ್ಲಿ ತಗೊಂಡರೆ ಬದಲಿ ಕೊಡುವ ಗಡುವು ಮುಗಿಯೋದರೊಳಗೆ ಎಲ್ಲ ನೋಡಿ ಮುಗಿಸಿ. ಈಗ ಆ ಚುಕ್ಕೆ ಇರುವ ಕಡೆ ಗಡಿಯಾರ ಬರೋ ಹಾಗೆ ಮಾಡ್ಕೊಂಡಿದ್ದೀನಿ.

ಜೊತೆಗೆ ಬಂದ ಸ್ಟ್ಯಾಂಡಿನ ಬಗ್ಗೆ ಒಳ್ಳೇ ಮಾತಾಡೋದು ಕಷ್ಟ. ಹಿಂದಕ್ಕೆ ಮುಂದಕ್ಕೆ ವಾಲುತ್ತೆ ಅಷ್ಟೇ, ಮೇಲೆ ಕೆಳಗೆ ಆಗಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿತ್ತು, ಸಂಜೆಯಾಗುವಷ್ಟರಲ್ಲಿ ಕತ್ತು ಹಿಡ್ಕೊಳ್ತಿತ್ತು. ಕೊನೆಗೆ ಮೇಜಿಗೆ ಬಿಗಿದು ಮಾನಿಟರ್ ಹಿಡಿಸುವ, ಎರಡು ಸಾವಿರದೊಳಗಿನ ಒಂದು ಆರ್ಮ್ ತಂದೆ. ಕೊಳ್ಳುವ ಮುಂಚೆ ಮಾನಿಟರಿನ ಬೆನ್ನು ತಿರುಗಿಸಿ ನೋಡಿ: ನಾಲ್ಕು ತಿರುಪಿನ ತೂತು, 75 ಅಥವಾ 100 ಮಿಲಿಮೀಟರ್ ಅಂತರದಲ್ಲಿ, ಇರಬೇಕು. ಇದಕ್ಕೆ ವೇಸಾ ಅಂತಾರೆ. ತೆಳ್ಳಗಿನ ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಆ ತೂತೇ ಇರಲ್ಲ. ಮೇಜಿನ ಹಲಗೆಯನ್ನೂ ನೋಡಿ. ಪಾರ್ಟಿಕಲ್ ಬೋರ್ಡಿನ ಮೇಜಿಗೆ ಆರ್ಮಿನ ಕ್ಲಾಂಪ್ ಬಿಗಿದರೆ ಅಂಚು ಪುಡಿಯಾಗುತ್ತೆ. ನಮ್ಮ ಬೀದಿಯ ಬಡಗಿ ಅಂಗೈ ಅಗಲದ ಎರಡು ಪ್ಲೈವುಡ್ ತುಂಡು ಕೊಟ್ಟು, ‘ಇವನ್ನ ಕೆಳಗೊಂದು ಮೇಲೊಂದು ಇಟ್ಟು ಬಿಗೀರಿ ಸರ್’ ಅಂದ. ಅಲ್ಲಾಡಿಲ್ಲ.

ಆರ್ಮ್ ಇರೋದರಿಂದ ಪರದೆಯನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿ ಎ4 ಪುಟವನ್ನು ಇಡಿಯಾಗಿ ನೋಡಬಹುದು ಅನ್ನೋ ಆಸೆ ಇತ್ತು. ಪುಟ ಇಡಿಯಾಗಿ ಕಾಣುತ್ತೆ, ಸುಳ್ಳಲ್ಲ. ಆದರೆ ಅಡ್ಡ ಜೋಡಿಸಿದ ಕೆಂಪು-ಹಸಿರು-ನೀಲಿ ಪಟ್ಟಿಗಳನ್ನು ನಂಬಿಕೊಂಡು ಕ್ಲಿಯರ್‌ಟೈಪ್ ಅಕ್ಷರ ನಯ ಮಾಡೋದು. ಪರದೆ ನಿಂತರೆ ಆ ಪಟ್ಟಿಗಳೂ ಒಂದರ ಕೆಳಗೊಂದು ಬಂದು, ಅಕ್ಷರದ ಅಂಚಿನಲ್ಲಿ ಬಣ್ಣ ಒಸರಿದ ಹಾಗಾಗುತ್ತೆ. ವಿನ್ಯಾಸ ನೋಡೋಕೆ ನಿಲ್ಲಿಸ್ತೀನಿ, ತಿದ್ದೋಕೆ ಮಲಗಿಸ್ತೀನಿ.

ಉಳಿದದ್ದು ಬೇಗ ಹೇಳ್ತೀನಿ. ಬೆಳಕು ಕಡಿಮೆ ಮಾಡೋ ಗುಂಡಿಗಳು ಕೆಳಅಂಚಿನ ಹಿಂದೆ, ಕತ್ತಲಲ್ಲಿ ತಡಕಾಡಬೇಕು. ‘ಟ್ವಿಂಕಲ್ ಟ್ರೇ’ ಅನ್ನೋ ಬಿಟ್ಟಿ ತಂತ್ರಾಂಶ ಹಾಕ್ಕೊಂಡರೆ ಆ ಗುಂಡಿ ಮುಟ್ಟೋದೇ ಬೇಡ, ಎರಡೂ ಪರದೆಯ ಬೆಳಕು ಮೌಸಿನಲ್ಲೇ ಬದಲಾಗುತ್ತೆ. ಸ್ಪೀಕರ್ ಇದೆ, ಇಲ್ಲದಿದ್ದರೂ ನಡೀತಿತ್ತು. ಚುಕ್ಕೆ ಬಣ್ಣ ಬದಲಿಸುವ ವೇಗ ಸಾರುವ ‘1 ಮಿಲಿಸೆಕೆಂಡ್’ ಅನ್ನೋ ಸ್ಟಿಕ್ಕರ್ ಕರಡು ತಿದ್ದುವವರಿಗೆ ಏನೂ ಅಲ್ಲ. ಕರೆಂಟಿನ ಖರ್ಚು 20 ವ್ಯಾಟ್‌ನ ಆಸುಪಾಸು. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಉರಿಸಿದರೂ ನಾಲ್ಕು ಯೂನಿಟ್. ಆದರೆ ಕರೆಂಟು ಹೋದಾಗ ಲ್ಯಾಪ್‌ಟಾಪ್ ಉಳಿಯುತ್ತೆ, ಮಾನಿಟರ್ ಹೋಗುತ್ತೆ, ಹರಡಿಟ್ಟಿದ್ದ ಕಿಟಕಿಗಳೆಲ್ಲ ದಡಬಡ ಸಣ್ಣ ಪರದೆಗೆ ಬಂದು ಬೀಳ್ತವೆ. ಮನೇಲಿ ಇನ್ವರ್ಟರ್ ಇದ್ದರೆ ಆ ಪ್ಲಗ್ಗಿಗೇ ಹಾಕಿ.

ಯುಎಸ್‌ಬಿ-ಸಿ ಮಾತ್ರ ಇರುವ ಲ್ಯಾಪ್‌ಟಾಪಿನವರು ತುಸು ಎಚ್ಚರ. ಆ ಕಿಂಡಿ ಇದ್ದ ಮಾತ್ರಕ್ಕೆ ಚಿತ್ರ ಹೊರಗೆ ಬರುತ್ತೆ ಅಂತೇನಿಲ್ಲ, ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಆ ಕಿಂಡಿಯಿಂದ ಚಿತ್ರವನ್ನೂ ಕಳಿಸುವ ಸೌಲಭ್ಯ) ಇರಬೇಕು.

ಪುಸ್ತಕದ ಮುಖಪುಟದ ಬಣ್ಣ ನಿರ್ಧರಿಸೋದಕ್ಕೆ ಈ ದರ್ಜೆಯ ಪರದೆ ನೆಚ್ಚಿಕೊಳ್ಳಬೇಡಿ. ಆದರೂ ಬಣ್ಣದ ವ್ಯಾಪ್ತಿಯ ಅಳತೆಯಲ್ಲಿ 45% ಎನ್‌ಟಿಎಸ್‌ಸಿಯ ಅಗ್ಗದ ಲ್ಯಾಪ್‌ಟಾಪ್ ಪ್ಯಾನೆಲ್‌ಗಿಂತ 72%ರ ಮಾನಿಟರ್ ಎಷ್ಟೋ ವಾಸಿ. ಕುಂಕುಮದ ಬಣ್ಣ ಅಲ್ಲಿ ಇಟ್ಟಿಗೆಯಾಗಿ ಕಂಡರೆ ಇಲ್ಲಿ ಕುಂಕುಮವೇ.

ಇನ್ನೂ ಅಗ್ಗ ಬೇಕಂದ್ರೆ ಬೆಂಗಳೂರಿನ ಎಸ್‌.ಪಿ. ರೋಡಿದೆ. ಕಚೇರಿಗಳಿಂದ ಹೊರಬಿದ್ದ, ಎತ್ತರ ಹೊಂದಿಸೋ ಸ್ಟ್ಯಾಂಡೇ ಇರುವ ಹಳೇ 22–24 ಇಂಚಿನವು ಅರ್ಧ ಬೆಲೆಗೆ ಸಿಗ್ತವೆ. ಸ್ಟ್ಯಾಂಡಿನ ದೃಷ್ಟಿಯಿಂದ ಹೊಸದಕ್ಕಿಂತ ಮೇಲು. ಆದರೆ ಅಂಗಡಿಯಲ್ಲೇ ಹತ್ತು ನಿಮಿಷ ಉರಿಸಿ, ಬಿಳಿ ಪುಟ ತೆರೆದು ನಾಲ್ಕೂ ಮೂಲೆ ಒಂದೇ ಬಿಳುಪಿದೆಯಾ ನೋಡಿ. ಹಿಂದಿನ ದೀಪ ಹಳತಾಗಿದ್ದರೆ ಹಳದಿ ಹೊಡೆಯುತ್ತೆ. ಹೆಸರು 22 ಇಂಚಾದರೂ 1680×1050ದವು ಬೇಕಾದಷ್ಟಿವೆ, ಕೇಳಿಯೇ ತಗೊಳ್ಳಿ.

27 ಇಂಚೇ ಬೇಕು ಅನ್ನುವವರು 2560×1440ದನ್ನು ನೋಡಬಹುದು. ಅದರಲ್ಲಿ ಇಂಚಿಗೆ 109 ಚುಕ್ಕೆ, ‘ಧ’ದ ಸೀಳು ಸ್ಪಷ್ಟ. ಬೆಲೆ ನನ್ನದರ ಸುಮಾರು ಎರಡರಷ್ಟಾಗುತ್ತೆ. ಹಳೇ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಆದರೂ ಅದನ್ನು 60 ಹರ್ಟ್ಸ್‌ನಲ್ಲಿ ಓಡಿಸಬಲ್ಲದು, 4ಕೆ (3840×2160) ಆದರೆ 30ಕ್ಕೇ ನಿಲ್ಲುತ್ತೆ.