ಬೋಬ್ಲಿಂಗನ್‌ನಲ್ಲಿ ನೆಲದ ಹೀಟಿಂಗ್ ರಿಪೇರಿ: ಅಳೆದು ನೋಡಿ ಸರಿಮಾಡಿದ ಸರ್ವಿಸ್

ಸ್ಟುಟ್‌ಗಾರ್ಟ್ ಹತ್ತಿರದ ಬೋಬ್ಲಿಂಗನ್‌ನಲ್ಲಿ ನಮ್ಮ ಮನೆ. ಗೋಡೆಯಲ್ಲಿ ರೇಡಿಯೇಟರ್ ಇಲ್ಲ, ಎಲ್ಲಾ ಕೋಣೆಗೂ ನೆಲದಡಿಯ ಪೈಪುಗಳಲ್ಲಿ ಬಿಸಿನೀರು ಹರಿಸುವ ಹೀಟಿಂಗ್. ನೀರು ಬಿಸಿ ಮಾಡೋದು ಹೊರಗಿಟ್ಟಿರುವ ಹೀಟ್ ಪಂಪ್. ಈ ಚಳಿಗಾಲದಲ್ಲಿ ಹಾಲ್ ಆರಾಮಾಗಿ 22 ಡಿಗ್ರಿ ಮುಟ್ಟುತ್ತಿತ್ತು. ಉತ್ತರದ ಮೂಲೆಯಲ್ಲಿರುವ ಮಗಳ ಕೋಣೆ ಮಾತ್ರ 18 ದಾಟುತ್ತಲೇ ಇರಲಿಲ್ಲ. ಹಾಸನದಿಂದ ಬಂದಿರುವ ಅಮ್ಮ ಮಲಗೋದೂ ಅದೇ ಕೋಣೆಯಲ್ಲಿ. ಹಾಗಾಗಿ ಇದನ್ನು ಸುಮ್ನೆ ಬಿಡುವ ಹಾಗಿರಲಿಲ್ಲ.

ಮೊದಲು ಬಂದ ಕಂಪನಿಯವರು, ಬಿಸಿನೀರನ್ನು ಒಂದೊಂದು ಕೋಣೆಯ ಪೈಪಿಗೆ ಹಂಚುವ ಮ್ಯಾನಿಫೋಲ್ಡ್ ಇರುವ ಕಪಾಟಿನ ಬಾಗಿಲನ್ನೂ ತೆಗೆಯಲಿಲ್ಲ. ಹೀಟ್ ಪಂಪಿನಿಂದ ಹೊರಡುವ ನೀರನ್ನು 34ರಿಂದ 38 ಡಿಗ್ರಿಗೆ ಏರಿಸಿ, ಪಂಪ್ ಬದಲಾಯಿಸಬೇಕಾಗಬಹುದು ಅಂದು ಹೊರಟರು. ಆಮೇಲೆ ಹಾಲ್‌ನಲ್ಲಿ ಸ್ವೆಟರ್ ಬಿಚ್ಚುವಷ್ಟು ಸೆಕೆ, ಮೂಲೆಯ ಕೋಣೆಯಲ್ಲಿ ಅದೇ ಚಳಿ. ಕರೆಂಟ್ ಖರ್ಚು ಮಾತ್ರ ಜಾಸ್ತಿಯಾಯಿತು.

ನಾನು ಬರೆಯಬೇಕೆಂದಿರುವುದು ಎರಡನೆಯವರ ಬಗ್ಗೆ. ಪಕ್ಕದ ಊರಿನ ಸಣ್ಣ ವರ್ಕ್‌ಶಾಪ್, ಅಪ್ಪ-ಮಗ ಇಬ್ಬರೇ ನಡೆಸುತ್ತಾರೆ. ಬಂದವರು ಅಪ್ಪ. ಬಂದ ಕೂಡಲೇ ಯಾವುದನ್ನೂ ತಿರುಗಿಸಲಿಲ್ಲ. ಮ್ಯಾನಿಫೋಲ್ಡ್‌ನಲ್ಲಿ ಪ್ರತಿ ಲೂಪಿನ (ನೆಲದಡಿ ಸುತ್ತಿ ವಾಪಸ್ ಬರುವ ಪೈಪಿನ) ಹೋಗುವ ಪೈಪಿಗೊಂದು, ಬರುವ ಪೈಪಿಗೊಂದು ಕ್ಲಿಪ್ ಥರ್ಮಾಮೀಟರ್ ಹಾಕಿ, ಓದಿ, ಒಂದು ಹಾಳೆಯಲ್ಲಿ ಬರೆದರು. ಕಾರಿಡಾರಿನ ಲೂಪಿಗೆ 38ರಲ್ಲಿ ಹೋದ ನೀರು 36ರಲ್ಲಿ ವಾಪಸ್. ಮಗಳ ಕೋಣೆಯದು 38ರಲ್ಲಿ ಹೋಗಿ 28ರಲ್ಲಿ ವಾಪಸ್. ನೀರು ಬಿಸಿಯಾಗೇ ಇದೆ, ಆದರೆ ಆ ಕೋಣೆಗೆ ಸಾಕಷ್ಟು ಹರಿಯುತ್ತಿಲ್ಲ ಅಂದರು.

ಲೆಕ್ಕವನ್ನೂ ಬಿಡಿಸಿ ಹೇಳಿದರು. ನಿಮಿಷಕ್ಕೆ 2 ಲೀಟರ್ ನೀರು ಹರಿದು, 5 ಡಿಗ್ರಿ ತಣ್ಣಗಾಗಿ ಬಂದರೆ ಕೋಣೆಗೆ ಸುಮಾರು 700 ವ್ಯಾಟ್ ಶಾಖ ಸಿಗುತ್ತದೆ. ಅರ್ಧ ಲೀಟರ್ ಮಾತ್ರ ಹರಿದರೆ, 10 ಡಿಗ್ರಿ ತಣ್ಣಗಾದರೂ ಸಿಗೋದು 350 ವ್ಯಾಟ್. ಕಾರಿಡಾರಿನ ಪೈಪ್ ಗಿಡ್ಡ, ಮೂಲೆ ಕೋಣೆಯದು ಉದ್ದ. ಅಡ್ಡಿ ಕಮ್ಮಿ ಇರುವ ಕಡೆಗೇ ನೀರು ನುಗ್ಗುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದ ಹಾಗೆ. ಮೇಲಿನ ತೂಬುಗಳನ್ನು ಒಂದಿಷ್ಟು ತಗ್ಗಿಸದೆ ಕೊನೆಗೆ ನೀರು ಬರಲ್ಲ, ಅಲ್ವಾ?

ಆದರೆ ತಗ್ಗಿಸುವ ಮುಂಚೆ ಬೇರೆ ಕೆಲಸ ಇತ್ತು. ಪ್ರತಿ ಲೂಪಿನ ಹರಿವು ತೋರಿಸುವ ಫ್ಲೋ ಮೀಟರುಗಳ ಗಾಜು ಕಂದುಗಟ್ಟಿ, ಒಳಗಿನ ಗುರುತು ಕಾಣುತ್ತಲೇ ಇರಲಿಲ್ಲ. ಅವನ್ನು ಬಿಚ್ಚಿ ತೊಳೆದರು. ಮಗಳ ಕೋಣೆಯ ಆಕ್ಚುವೇಟರ್ (ಥರ್ಮೋಸ್ಟಾಟ್ ಹೇಳಿದಂತೆ ವಾಲ್ವ್ ತೆರೆದು ಮುಚ್ಚುವ ಸಣ್ಣ ಸಾಧನ) ತಿರುಗಿಸಿ ತೆಗೆದರೆ, ಕೆಳಗಿನ ವಾಲ್ವ್ ಪಿನ್ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಬೇಸಿಗೆಯಿಡೀ ಅಲುಗಾಡದೆ ಇರುವ ಪಿನ್‌ಗಳು ಹೀಗೆ ಹಿಡಿದುಕೊಳ್ಳುತ್ತವಂತೆ. ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಸಡಿಲ ಮಾಡಿದರು. ಆಕ್ಚುವೇಟರ್ ಕೆಟ್ಟಿದೆಯಾ ಅಂತ ನೋಡಲು ಪಕ್ಕದ ಲೂಪಿನದನ್ನು ಇದಕ್ಕೆ, ಇದನ್ನು ಅದಕ್ಕೆ ಹಾಕಿ ಕೆಲವು ನಿಮಿಷ ಕಾದರು. ಎರಡೂ ಸರಿಯಾಗಿ ತೆರೆದವು. ಹೊಸದನ್ನು ಮಾರುವ ಮಾತೇ ಇಲ್ಲ! ನನಗೆ ಅವರ ಮೇಲೆ ನಂಬಿಕೆ ಬಂದದ್ದು ಇಲ್ಲೇ.

ಆಮೇಲೆ ಒಂದೊಂದೇ ಲೂಪ್ ತೆರೆದು, ಉಳಿದದ್ದು ಮುಚ್ಚಿ, ಮೆದುಗೊಳವೆಯಿಂದ ನೀರು ಹಾಯಿಸಿದರು. ಕಪ್ಪು ಕೆಸರು ಬಂತು. ಒಳಗಿನ ಕಬ್ಬಿಣದ ಭಾಗಗಳಿಂದ ಹುಟ್ಟುವ ಮ್ಯಾಗ್ನೆಟೈಟ್ ಎಂಬ ಕಪ್ಪು ತುಕ್ಕು ಅದು. ಜೊತೆಗೆ ಬುಳುಬುಳು ಗಾಳಿ. ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ಕೊನೆಗೆ ಖನಿಜ ತೆಗೆದ ನೀರು ತುಂಬಿಸಿ, ಲೂಪಿನ ಉದ್ದ ಮತ್ತು ಕೋಣೆಯ ಅಗತ್ಯ ನೋಡಿ ಒಂದೊಂದರ ಹರಿವನ್ನೂ ಹೊಂದಿಸಿದರು. ಹೀಟ್ ಪಂಪನ್ನು ಮತ್ತೆ 34ಕ್ಕೆ ಇಳಿಸಿದರು. ಒಂದು ಡಿಗ್ರಿ ಇಳಿಸಿದರೆ ಕರೆಂಟ್ ಎರಡು-ಎರಡೂವರೆ ಪರ್ಸೆಂಟ್ ಉಳಿಯುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ನೆಲದ ಕಾಂಕ್ರೀಟ್ ಬಿಸಿಯಾಗಲು ಹೊತ್ತು ಬೇಕು, ಥರ್ಮೋಸ್ಟಾಟ್ ಮುಟ್ಟಬೇಡಿ ಅಂದಿದ್ದರು. ಮಾರನೇ ದಿನ ಸಂಜೆಗೆ ಮಗಳ ಕೋಣೆ 20 ದಾಟಿತು. ಮುಂದಿನ ವಾರ ಅವರೇ ಮತ್ತೆ ಬಂದು ಅಳೆದು, ಎರಡು ಲೂಪುಗಳನ್ನು ಚೂರು ಬದಲಿಸಿದರು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ಕೋಣೆ 21ರಲ್ಲಿ ನಿಂತಿದೆ.

ಅಮ್ಮ ಮಾತ್ರ ನೆಲ ಕಾಲಿಗೆ ಬಿಸಿ ತಾಗಲ್ವಲ್ಲ ಅನ್ನುತ್ತಿದ್ದರು. ತಾಗಬೇಕಾಗಿಲ್ಲ. ಯುರೋಪಿನ ಮಾನದಂಡದ ಪ್ರಕಾರ ವಾಸದ ಕೋಣೆಯ ನೆಲ 29 ಡಿಗ್ರಿ ಮೀರಬಾರದು. ನಮ್ಮ ಪಾದ ಅದಕ್ಕಿಂತ ಬೆಚ್ಚಗೇ ಇರಬಹುದು. ಕೋಣೆಯ ಥರ್ಮಾಮೀಟರ್ ನೋಡಿ, ಕಾಲನ್ನು ಕೇಳಬೇಡಿ. ಮಕ್ಕಳ ದಪ್ಪ ಫೋಮ್ ಮ್ಯಾಟ್ ಹಾಸಿದ ಜಾಗದಲ್ಲಂತೂ ಶಾಖ ಮೇಲೆ ಬರುವುದು ತುಂಬಾ ಕಮ್ಮಿ.

ಕೊರತೆಗಳೂ ಇವೆ. ಜನವರಿಯಲ್ಲಿ ಅವರ ಡೇಟ್ ಸಿಗಲು ವಾರಗಟ್ಟಲೆ ಕಾಯಬೇಕು. ಜರ್ಮನ್ ಬಿಟ್ಟು ಬೇರೆ ಭಾಷೆ ಇಲ್ಲ. ಬಿಲ್ ಸುಮಾರು 600 ಯೂರೋ ಆಯಿತು, ಅದರಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರೆದಿರಲಿಲ್ಲ. ಅಳತೆಯ ಹಾಳೆಯನ್ನು ಕೇಳಿ ಇಸಿದುಕೊಳ್ಳಬೇಕಾಯಿತು, ಈಗ ಅದು ಕಪಾಟಿನ ಬಾಗಿಲಿನ ಒಳಗೆ ಅಂಟಿದೆ. ಇಷ್ಟಿದ್ದರೂ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ.

ನೀವು ಯಾರನ್ನಾದರೂ ಕರೆಯುವುದಿದ್ದರೆ ಫೋನಿನಲ್ಲೇ ಎರಡು ಪ್ರಶ್ನೆ ಕೇಳಿ: ಪ್ರತಿ ಲೂಪಿನ ಹೋಗುವ, ಬರುವ ನೀರಿನ ಬಿಸಿ ಅಳೆಯುತ್ತೀರಾ? ಲೂಪುಗಳನ್ನು ಒಂದೊಂದಾಗಿ ತೊಳೆಯುತ್ತೀರಾ? ತಡವರಿಸಿದರೆ ಬೇರೆಯವರನ್ನು ನೋಡಿ.